ಗಿರಿಜಕ್ಕನ ಒಗೆಯುವ ಕಲ್ಲು

ಬಸ್ರೂರಿನಿಂದ ಹೊಳೆಬದಿಗೆ ಇಳಿದರೆ ಸಿಗುವ ಆ ಕೇರಿಗೆ ಹಿಂದೆ ಹಡಗು ಬರುತ್ತಿತ್ತಂತೆ. ಈಗ ಉಳಿದಿರುವುದು ಪಾಚಿಗಟ್ಟಿದ ಮೆಟ್ಟಿಲು, ತೆಂಗಿನ ತೋಟವಾಗಿಹೋದ ಕೋಟೆಯ ಕಂದಕ, ಒಂದು ಕೆರೆ. ಗಿರಿಜಕ್ಕನಿಗೆ ಇವ್ಯಾವುದರ ಗೊಡವೆಯೂ ಇಲ್ಲ. ಆ ಮೆಟ್ಟಿಲ ಮೇಲೆ ಮೀನು ಒಣಗಿಸಿದಳು, ಕಂದಕದಲ್ಲಿ ಬಿದ್ದ ತೆಂಗಿನ ಮಡಲು ಹೆಕ್ಕಿದಳು, ಅಷ್ಟೆ. ಅವಳದ್ದು ಅಂತ ಇದ್ದದ್ದು ಬಾವಿ ಪಕ್ಕದ ಒಗೆಯುವ ಕಲ್ಲೊಂದೇ.

ಅವಳಿಗೆ ಮೂವತ್ತು ತುಂಬುವ ಮೊದಲೇ ಗಂಡ ಹೊಳೆಪಾಲಾದ. ಎಲುಬಿಲ್ಲದ ನಾಲಿಗೆ ನೋಡಿ, ಕೇರಿಯವರು ಅವಳ ಕಾಲ್ಗುಣ ಅಂದರು. ಅತ್ತೆ ಸುಮ್ಮನಿರುವ ಹೆಂಗಸಲ್ಲ. ಬಂದವರ ಗ್ರಹಚಾರ ಬಿಡಿಸಿ ಓಡಿಸಿದರು. ಕೋಟೆ ಬದಿಯಲ್ಲಿ ಬಿದ್ದಿದ್ದ ಚಪ್ಪಡಿಯನ್ನು ಆಳುಗಳಿಂದ ಹೊರಿಸಿ ತಂದು ಬಾವಿ ಪಕ್ಕ ಕವುಚಿ ಹಾಕಿಸಿದರು.

"ಅಳೂದಾರೆ ಇದ್ರ್ ಮೇಲೆ ವಸ್ತ್ರ ಬಡ್ದ್ ಅಳ್. ಒಳ್ಗೆ ಕೂಕಂಡ್ ಅಳ್ಬೇಡ. ಕಲ್ಲ್ ಮಾತ್ರ ಮಗುಚ್ಬೇಡ."

ಗಿರಿಜಕ್ಕ ಅತ್ತಳು, ಬಡಿದಳು. ಹೋಟೆಲಿನವರ ಬಟ್ಟೆ ಒಗೆದೇ ಮಗಳು ವನಜಳನ್ನು ಓದಿಸಿದಳು. ಅತ್ತೆ ತೀರಿಕೊಂಡ ಮೇಲೂ ಕಲ್ಲು ಮಗುಚಲಿಲ್ಲ.

ಕಳೆದ ಬೇಸಿಗೆ ನೀರಿನ ಪೈಪು ಹಾಕಲು ಬಂದ ಜೆಸಿಬಿ ಅದನ್ನು ಮಗುಚಿಯೇ ಬಿಟ್ಟಿತು. ಕಲ್ಲಿನ ಅಡಿ ಮಗ್ಗುಲಲ್ಲಿ ಒಂದು ಕೈಯ ಕೆತ್ತನೆ ಇತ್ತು, ಮೇಲೆತ್ತಿದ ಕೈ, ಮುಂಗೈ ತುಂಬಾ ಬಳೆ. ಶಾಲೆಯ ಯೋಗೀಶ್ ಮಾಷ್ಟ್ರು ಓಡಿ ಬಂದರು. ಊರಿನ ಹಳೆಯ ಗುರುತುಗಳನ್ನು ಉಳಿಸುವ ಹುಚ್ಚು ಅವರಿಗೆ.

"ಇದ್ ಮಾಸ್ತಿಕಲ್ಲ್, ಗಿರಿಜಕ್ಕ. ಗಂಡನ ಚಿತೆ ಹತ್ತಿದ್ ಹೆಂಗ್ಸಿನ ಕಲ್ಲ್. ಅಶ್ವತ್ಥಕಟ್ಟೆ ಹತ್ರ ನಿಲ್ಸುವ, ಕೊಡಿ."

"ಎಂತಕ್ಕೆ ಕೊಡೂದ್? ನನ್ನತ್ತೆ ಹಾಕ್ಸಿದ್ ಕಲ್ಲ್ ಅದ್!" ಗಿರಿಜಕ್ಕ ಸೆರಗು ಬಿಗಿದು ಅಡ್ಡ ನಿಂತಳು. ಆಮೇಲೆ ಮಾಷ್ಟ್ರ ಮಾತು ಒಳಗಿಳಿಯಿತು. ಕಲ್ಲಿನ ಪಕ್ಕ ಕೂತು ಆ ಕೈಯನ್ನು ಮುಟ್ಟಿ ನೋಡಿದಳು.

"ಅಯ್ಯೋ ದೇವ್ರೇ, ಅತ್ತೆಗೆ ಗೊತ್ತಿತ್ತ್. ಅದ್ಕೇ ಮಗುಚ್ಬೇಡ ಅಂದದ್, ಗಂಡ ಹೋದ ನನ್ನ್ ಕಣ್ಣಿಗೆ ಇದ್ ಬೀಳೂದ್ ಬೇಡ ಅಂತ."

ಕಡೆಗೆ ಅವಳೇ ಎದ್ದಳು.

"ತಕಂಡ್ ಹೋಯ್ನಿ ಮಾಷ್ಟ್ರೇ. ಇಷ್ಟ್ ವರ್ಷ ಬರೀ ಮಣ್ಣ್ ಕಂಡದ್ ಸಾಕ್ ಅವ್ಳಿಗೆ. ಆದ್ರೆ ಕುಂಕುಮ ಹಚ್ಚಿ ಯಾರೂ ಕೈ ಮುಗೂದ್ ಬೇಡ. ಚಿತೆ ಹತ್ತಿ ಸತ್ತದ್ ದೊಡ್ಡಸ್ತಿಕೆ ಅಲ್ಲ."

ಮಾಷ್ಟ್ರು ಒಪ್ಪಿದರು. ಗಿರಿಜಕ್ಕ ಬಾವಿಯಿಂದ ಒಂದು ಕೊಡಪಾನ ನೀರು ಸೇದಿದಳು. ಬಳೆಗಳ ಸಂದಿನ ಮಣ್ಣನ್ನು ಬೆರಳಿನಿಂದಲೇ ತಿಕ್ಕಿ ತೆಗೆಯುತ್ತಾ, ಪಕ್ಕದ ಮನೆಯವಳ ಹತ್ತಿರ ಮಾತಾಡುವಂತೆ ಅಂದಳು:

"ನಂಗೆ ಅತ್ತೆ ಇದ್ರ್. ನಿಂಗೆ ಯಾರೂ ಇಲ್ದೇ ಹೋಯ್ತಲ್ಲೆ, ಹೆಣ್ಣೇ."