ಮೊನೆಯಿಲ್ಲದ ಚೂರಿ

ನಿನ್ನೆ ಮಳೆಯಲ್ಲಿ ನೆನೆದ ಚಪ್ಪಲಿಯನ್ನು ಇವತ್ತು ಬಿಸಿಲಿಗಿಟ್ಟಿದ್ದೆ. ಸಂಜೆ ಕಾಲು ತೂರಿಸಿದರೆ ಹೆಬ್ಬೆರಳೂ ಹೋಗಲೊಲ್ಲದು. ಚರ್ಮದ ಆ ನಾತ ಮೂಗಿಗೆ ಬಡಿದದ್ದೇ ತಡ, ನೆನಪು ತಮಿಳು ಸೀಮೆಯ ಮೇಚೇರಿ ಸಂತೆಗೆ ಓಡಿತು. ನೀವೂ ಬನ್ನಿ. ಬರುವ ಮುಂಚೆ ಒಂದು ಬಿಟ್ಟಿ ಸಲಹೆ: ಚಪ್ಪಲಿ ಕೊಳ್ಳುವಾಗ ಒಂದು ಬೆರಳಷ್ಟು ಸಡಿಲವಾದದ್ದನ್ನೇ ಕೊಳ್ಳಿ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಸಂತೆಯಲ್ಲಿ ಗೋಣಿತಾಟು ಹಾಸಿಕೊಂಡು ಕುರಿಗಂಟೆ, ಹಗ್ಗ, ಚೂರಿ ಮಾರುತ್ತಿದ್ದೆ. ಓದಿದ್ದು ಎರಡನೇ ಕ್ಲಾಸು. ಬಾಯಿ ಮಾತ್ರ ಕಾಲೇಜಿನದು. ಗಿರಾಕಿ ಕೇಳಿದ್ದನ್ನು ಕೊಡುವವನು ವ್ಯಾಪಾರಿಯೇ ಅಲ್ಲ, ಅವನಿಗೆ ಬೇಕಾದದ್ದು ಇನ್ನೇನೋ ಎಂದು ಅವನಿಗೇ ತಿಳಿಸಿಕೊಡುವವನು ವ್ಯಾಪಾರಿ ಎಂದು ನಂಬಿದ್ದ ಕಾಲ ಅದು.

ಮಾದಪ್ಪ ದೂರದ ವರಸೆಯಲ್ಲಿ ನನಗೆ ಅಳಿಯ. ಕುರಿ ಕಾಯುವ ಮನೆಯಿಂದ ಹೋಗಿ ಫೈರ್ ಸರ್ವೀಸ್ ಸೇರಿದ್ದ. ನಮ್ಮ ಕಡೆ ಬೆಂಕಿಯೆಂದರೆ ಹುಲ್ಲಿನ ಕೊಟ್ಟಿಗೆ, ಒಳಗೆ ಕಟ್ಟಿದ ದನ. ಬೆದರಿದ ದನ ಜಗ್ಗಿ ಜಗ್ಗಿ ಗಂಟು ಕಲ್ಲಾಗಿರುತ್ತದೆ. ಹಗ್ಗ ಕೊಯ್ಯದೆ ಬೇರೆ ದಾರಿಯಿಲ್ಲ. ಅದಕ್ಕೇ ಒಂದು ಸಂತೆಯ ದಿನ ನನ್ನ ಹತ್ತಿರ ಬಂದ.

"ಮಾವ, ಮಡಚೋ ಚೂರಿ ಬ್ಯಾಡ. ಒದ್ದೆ ಕೈಯಾಗೆ ಉಗುರು ಜಾರ್ತೈತೆ. ಬಿಚ್ಚಿದಂಗೇ ಇರೋದು, ದಿನಾ ಸೊಂಟದಾಗೆ ಇಕ್ಕೊಳ್ಳೋದು ಒಂದು ಮಾಡ್ಸು. ಮೊನೆ ಮಾತ್ರ ಬ್ಯಾಡ."

"ಮೊನೆ ಇಲ್ದಿದ್ರೆ ಅದು ಚೂರಿಯಾ ಅಳಿಯ, ದೋಸೆ ಮಗುಚೋ ಕರಂಡಿಯಾ?"

ಸಂತೆಯಂಚಿನ ಕುಲುಮೆಯ ಆಚಾರಿ ಲಾರಿಯ ಸ್ಪ್ರಿಂಗ್ ಪಟ್ಟಿ ಕಾಯಿಸಿ ಬಡಿದ. ನಾನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು ಕಡ್ಡಿಯಿಂದ ನೆಲದ ಮೇಲೆ ನಕ್ಷೆ ಗೀಚಿದೆ. ಹಗ್ಗವನ್ನು ಒಳಕ್ಕೆ ಎಳೆದುಕೊಳ್ಳಲು ಕುಡುಗೋಲಿನಂತೆ ಬಾಗಿದ ಅಲಗು. ಹುಣಸೆ ಮರದ ಹಿಡಿ, ಅದಕ್ಕೆ ಸುತ್ತಿದ ದಾರ. ಮೊನೆ ಇರಲೇಬೇಕೆಂದು ಹಟ ಹಿಡಿದವನು ನಾನೇ. ಒರೆಗೆ ಹದ ಮಾಡದ ಆಡಿನ ಚರ್ಮ, ಓಡುವಾಗ ಚೂರಿ ಬೀಳದಂತೆ ಬಿಗಿಯಾದ ಹೊಲಿಗೆ. ಕುಲುಮೆಯ ಹತ್ತಿರ ಹಿಡಿದು, "ನೋಡು, ಬಿಸಿ ತಾಕಿದ್ರೂ ಏನೂ ಆಗಾಕಿಲ್ಲ" ಎಂದು ಮೆರೆದದ್ದೂ ಉಂಟು.

ಹದಿನೈದು ದಿನಕ್ಕೆ ಮಾದಪ್ಪ ಬಂದು ಚೂರಿಯನ್ನು ಒರೆಸಮೇತ ನನ್ನ ಗೋಣಿತಾಟಿನ ಮೇಲೆ ಎಸೆದ.

"ಎಳಿ ಮಾವ."

ಎಳೆದೆ. ಬರಲಿಲ್ಲ. ಆಚಾರಿ ಒರೆ ಹಿಡಿದ, ನಾನು ಹಿಡಿಯನ್ನು ಜಗ್ಗಿದೆ. ಇಬ್ಬರೂ ಮಣ್ಣಿಗೆ ಬಿದ್ದೆವು.

"ಒಂದು ಕಡೆ ಬೆಂಕಿ ಆರಿಸ್ವಾಗ ನೆಂದಿತ್ತು. ಆಮೇಲೆ ಒಣಗಿ ಕಚ್ಕೊಂಡೈತೆ, ನಾನು ನೋಡ್ಲಿಲ್ಲ. ಅಪ್ಪುರಂ ಒಂದಿನ ಕೆಂಪಜ್ಜಿ ಕೊಟ್ಟಿಗೆ ಹತ್ಕೊಂತು. ಹಸ ಬಡ್ಕೊಂತೈತೆ, ನಾನು ಪಕ್ದಾಗೆ ನಿಂತು ಇದನ್ನ ಎಳೀತಾನೇ ಇವ್ನಿ. ಆ ಮುದುಕಿ ಈಳಿಗೆಮಣೆ ಎತ್ಕೊಂಡು ಒಳಕ್ಕೆ ನುಗ್ಗಿ, ತಾನೇ ಹಗ್ಗ ಕೊಯ್ದು, ಹಸಾನೂ ನನ್ನೂ ಒಟ್ಟಿಗೆ ಆಚೆಗೆ ಅಟ್ಟಿದ್ಲು. ಅವಳ ತಲೆಕೂದ್ಲು ಅರ್ಧ ಸುಟ್ಟೋಗೈತೆ. ಇನ್ನೊಂದ್ಸಲ ಇಂಗಾದ್ರೆ ಯಾರೋ ಒಬ್ರು ಒಳಗೇ ಉಳೀತಾರೆ ಮಾವ."

ನೆನೆದ ಚರ್ಮ ಒಣಗಿದರೆ ಬಿಗಿಯುತ್ತದೆಂದು ತಮಟೆ ಬಡಿಯುವ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ಆದರೆ ನಮ್ಮದು ಮೋಡ ಕಂಡರೆ ಮನೆಯಿಂದ ಹೊರಬಂದು ನಿಂತು ನೋಡುವ ಸೀಮೆ. ಸಾಮಾನು ನೆನೆಯುತ್ತದೆಂದು ಎಣಿಸುವವರು ಯಾರು? ಬೆಂಕಿಯವನಿಗೆ ಚೂರಿ ಮಾಡುವಾಗ ಬೆಂಕಿಯ ಬಗ್ಗೆ ಮಾತ್ರ ಯೋಚಿಸಿದೆವು. ಅವನ ಉದ್ಯೋಗವೆಲ್ಲ ನೀರಿನಲ್ಲಿ ಎಂಬುದು ನಮ್ಮಿಬ್ಬರ ಬುರುಡೆಗೂ ಹೊಳೆಯಲಿಲ್ಲ.

ಒರೆ ಸೀಳಿ ಚೂರಿ ಬಿಡಿಸಿದ್ದಾಯಿತು. ಮುಂದಿನ ಸಂತೆಗೆ ಮರದ ಒರೆ ಸಿದ್ಧ, ಅಡಿಯಲ್ಲಿ ನೀರಿಳಿಯಲು ತೂತು. ಮಾದಪ್ಪ ತಿರುಗಿಸಿ ನೋಡಿದ.

"ಮೊನೆ ಇನ್ನೂ ಐತಲ್ಲ ಮಾವ?"

"ಇರ್ಲಿ ಬಿಡು. ನಾಳೆ ಮಾರಕ್ಕೋದ್ರೂ ಬೆಲೆ ಬತ್ತೈತೆ."

"ಸರಿ. ಪರೀಕ್ಷೆ ಮಾಡಾನ. ಹಸ ಎಲ್ಲಿ ಹುಡುಕಾನ, ನೀನೇ ಬಾ."

ತಮಾಷೆಯೆಂದುಕೊಂಡೆ. ನನ್ನದೇ ಅಂಗಡಿಯ ಹಗ್ಗವನ್ನು ನನ್ನ ಕೊರಳಿಗೆ ಹಾಕಿ ಮರಕ್ಕೆ ಬಿಗಿದ. ಒಂದು ಕೊಡ ನೀರು ತಂದು ಒರೆಯ ಮೇಲೆ ಸುರಿದ, ಮಿಕ್ಕದ್ದು ನನ್ನ ತಲೆಗೆ. ಆಮೇಲೆ ಟವೆಲಿನಿಂದ ತನ್ನ ಕಣ್ಣನ್ನೇ ಕಟ್ಟಿಕೊಂಡ. "ಹೊಗೆಯಾಗೆ ಕಣ್ ಕಾಣಾಕಿಲ್ಲ ಮಾವ. ಹಸ ಸುಮ್ನೆ ನಿಲ್ಲಾಕಿಲ್ಲ, ನೀನೂ ಒಸಿ ಕುಣಿ."

ಜನ ಸೇರಿದರು. ಒಬ್ಬ ತಮಿಳು ದಲ್ಲಾಳಿ, "ಮಾಡು ಎನ್ನ ವಿಲೈ?" ಎಂದು ನನ್ನನ್ನು ತೋರಿಸಿ ಹಸುವಿನ ರೇಟು ವಿಚಾರಿಸಿದ. ಜನ್ಮದಲ್ಲಿ ಮೊದಲ ಸಲ ರೇಟು ಕೇಳಿದವನಿಗೆ ನಾನು ಉತ್ತರ ಕೊಡಲಿಲ್ಲ. ಚೂರಿ ಒರೆಯಿಂದ ಬೆಣ್ಣೆಯಂತೆ ಜಾರಿ ಬಂತು. ಮಾದಪ್ಪನ ಎಡಗೈ ನನ್ನ ಕೊರಳು ತಡವಿ ಹಗ್ಗ ಹುಡುಕಿತು, ಬಲಗೈ ಮೇಲೆ ಬಂತು. ನಾನೇ ಹಟ ಹಿಡಿದು ಇಡಿಸಿದ ಮೊನೆ ಗದ್ದದ ಕೆಳಗೆ ತಣ್ಣಗೆ ತಾಕಿತು.

"ಮೊನೆ! ಲೇ ಆಚಾರಿ, ಮೊನೆ ಮುರಿಯೋ! ಬ್ಯಾಡ್ವೋ ಮೊನೆ!"

ಹಗ್ಗವೇನೋ ಒಂದೇ ಎಳೆತಕ್ಕೆ ತುಂಡಾಯಿತು. ಮಾದಪ್ಪ ಟವೆಲ್ ಬಿಚ್ಚಿ, "ಹಸ ಮಾತಾಡ್ತಲ್ಲ!" ಎಂದ. ಅಲ್ಲೇ ನಿಂತು ಮೊನೆಯನ್ನು ಉಜ್ಜಿಸಿ ಹೆಬ್ಬೆರಳ ತುದಿಯಂತೆ ದುಂಡಗೆ ಮಾಡಿಸಿದೆ. ಆಚಾರಿ ನಗುತ್ತಲೇ ಇದ್ದ.

ಆ ವರ್ಷವೇ ಮಾದಪ್ಪ ಬಂದು ಹೇಳಿದ: "ಎರಡು ಎಮ್ಮೆ, ಒಂದು ಕರ ಬಿಡಿಸ್ದೆ ಮಾವ. ಒಂದರ ಮೈಮ್ಯಾಲೂ ಗೀರಿಲ್ಲ."

ಗೀರು ಉಳಿದದ್ದು ನನ್ನ ಗದ್ದದ ಕೆಳಗೆ ಮಾತ್ರ. ಇಷ್ಟು ವರ್ಷ ಕೇಳಿದವರಿಗೆಲ್ಲ ಚಿರತೆ ಪರಚಿದ್ದು ಎನ್ನುತ್ತಿದ್ದೆ. ಹೇಳಿದ ಹಾಗೆಲ್ಲ ಚಿರತೆಯೂ ದೊಡ್ಡದಾಗುತ್ತಿತ್ತು. ಇವತ್ತು ನಿಮ್ಮೆದುರು ಬಾಯಿಬಿಟ್ಟ ಮೇಲೆ ಆ ಚಿರತೆಯನ್ನು ಕಾಡಿಗೆ ಅಟ್ಟಿದ್ದೇನೆ. ನಾಳೆ ಕ್ಷೌರದವನು ಕೇಳಿದರೆ, ಒಂದು ದಿನದ ಮಟ್ಟಿಗೆ ಹಸುವಾಗಿದ್ದೆನಪ್ಪ, ಆಗ ಆದದ್ದು ಎನ್ನುತ್ತೇನೆ.