ಹರಳಿನವರ ನಡುವೆ ಮಾಂಸದವನು

ನಮ್ಮ ಪ್ರೊಫೆಸರು ಕನ್ನಡಕ ತೆಗೆದು ಟೈ ತುದಿಯಿಂದ ಒರೆಸಲು ಶುರುಮಾಡಿದರೆ ಯಾರದೋ ಕೆಲಸಕ್ಕೆ ಕತ್ತರಿ ಬಿತ್ತು ಅಂತಲೇ ಅರ್ಥ. ಎಡಗಾಜು ಒರೆಸುವಾಗ "ಸೋ" ಅನ್ನುತ್ತಾರೆ, ಬಲಗಾಜಿಗೆ ಬಂದಾಗ ತೀರ್ಪು. ನನಗೆ ಟೈ ಇಲ್ಲ, ಕರವಸ್ತ್ರ ಇಟ್ಟುಕೊಂಡೇ ಈ ಒರೆಸಾಟವನ್ನು ಕ್ಯಾಂಟೀನಿನಲ್ಲಿ ಮಾಡಿ ತೋರಿಸಿ ಎಷ್ಟೋ ಕಾಫಿ ಗಿಟ್ಟಿಸಿದ್ದೇನೆ. ಆ ಟೈ ನನ್ನ ಕೆಲಸದ ಮೇಲೆಯೇ ಓಡಾಡುವ ದಿನ ಬಂದಾಗ ಮಾತ್ರ ಅದು ಅಂಥಾ ತಮಾಷೆಯಾಗಿ ಕಾಣಲಿಲ್ಲ.

ನಮ್ಮ ಲ್ಯಾಬಿನಲ್ಲಿ ಎಲ್ಲರೂ ಹರಳಿನವರು. ಹರಳನ್ನು ಕೊಯ್ದು, ಉಜ್ಜಿ, ಅದರೊಳಗೆ ಬೆಳಕು ಹಾಯಿಸಿ, ಅದು ಯಾವ ಬೆಳಕನ್ನು ನುಂಗಿತು ಯಾವುದನ್ನು ಬಿಟ್ಟಿತು ಅಂತ ಯಂತ್ರದಿಂದ ಕಾಗದದ ಮೇಲೆ ಗೆರೆ ಎಳೆಸುವುದು ಅವರ ಕಸುಬು. ನಾನು ಅದೇ ಯಂತ್ರದಲ್ಲಿ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಲ್ಲಿ, ಮನುಷ್ಯನ ಮಾಂಸದ ತೆಳು ಪದರ ಇಟ್ಟು ನೋಡ್ತೀನಿ ಅಂದೆ. ರೋಗದ ಗೆಡ್ಡೆ ಒಂದು ಥರ ನುಂಗಿ, ಆರೋಗ್ಯದ ಮಾಂಸ ಇನ್ನೊಂದು ಥರ ನುಂಗಿದರೆ, ಗೆರೆ ನೋಡಿಯೇ ರೋಗ ಹೇಳಬಹುದಲ್ಲ.

"ಹರಳು ಕೊಳೆಯಲ್ಲ, ಮಾಂಸ ಕೊಳೆಯುತ್ತೆ" ಅಂದರು ಪ್ರೊಫೆಸರು. ಆದರೂ ಒಂದು ವರ್ಷ ಕೊಟ್ಟರು. ವರ್ಷದ ಕೊನೆಗೆ ಸೆಮಿನಾರು. ತೋರಿಸಲು ಏನಾದರೂ ಇದ್ದರೆ ಮಾಂಸ, ಇಲ್ಲದಿದ್ದರೆ ವಾಪಸು ಹರಳು.

ಮನೆಯಲ್ಲಿ ಬೇರೆಯೇ ಗೈಡು. ಜಯನಗರದ ನಮ್ಮ ಬ್ಲಾಕಿನಲ್ಲಿ ಇನ್ನೂ ಮನೆಗಿಂತ ಖಾಲಿ ಸೈಟೇ ಹೆಚ್ಚು. ಸೈಕಲ್ಲಿನಲ್ಲಿ ನಾನು ಬರುವುದು ಅಮ್ಮನಿಗೆ ನಾಲ್ಕು ಸೈಟಿನಾಚೆಯಿಂದಲೇ ಕಾಣುತ್ತಿತ್ತು. ಅಷ್ಟರಲ್ಲಿ ಹಿತ್ತಲಿನ ನಲ್ಲಿ ಹತ್ತಿರ ಬಕೆಟ್ಟು, ಟವಲು ರೆಡಿ. ನಮ್ಮದು ಲಿಂಗಪೂಜೆ ಆಗದೆ ಯಾರೂ ತುತ್ತು ಮುಟ್ಟದ ಮನೆ, ಮೊಟ್ಟೆ ಅನ್ನುವ ಮಾತನ್ನೂ ಪಿಸುಗುಟ್ಟುವ ಮನೆ. ಮಗ ಮಾಂಸ ಮುಟ್ಟಿ ಬಂದರೆ ಮುಂಬಾಗಿಲು ಎಲ್ಲಿಂದ ಸಿಗಬೇಕು?

"ಅದನ್ನ ಯಾತರ ಮೇಲೆ ಇಡ್ತೀಯೋ?" ಅಂತ ಒಂದು ದಿನ ಕೇಳಿದಳು.

"ಉಪ್ಪಿನ ಬಿಲ್ಲೆ ಮೇಲೆ. ಗಾಜಾದ್ರೆ ಆ ಬೆಳಕು ದಾಟಲ್ಲ."

"ಉಪ್ಪು ಹಾಕ್ತೀಯಾ. ಖಾರ ಅರೆಯೋಕೆ ಮುಂಚೆ ಹೇಳಪ್ಪ, ನಾನು ತೌರಿಗೆ ಹೋಗ್ತೀನಿ."

ಗೆಡ್ಡೆಯ ಪದರಗಳನ್ನು ಕೊಯ್ದು ಕೊಡುತ್ತಿದ್ದವರು ಒಂದು ಆಸ್ಪತ್ರೆಯ ಡಾಕ್ಟರಮ್ಮ. ಇಡೀ ದಿನ ಮೈಕ್ರೋಸ್ಕೋಪಿಗೆ ಕಣ್ಣು ಕೊಟ್ಟು ಕೂರುವ ಹೆಂಗಸು. ಆಸ್ಪತ್ರೆಯವರು ಗೆಡ್ಡೆಯನ್ನು ಮೇಣದಲ್ಲಿ ಕೂರಿಸಿ ಇಟ್ಟಿರುತ್ತಾರೆ, ಹಾಗಿದ್ದರೇ ತೆಳ್ಳಗೆ ಕೊಯ್ಯಲು ಬರುವುದು. ಮೊದಲ ದಿನ ಅವರು "ನೋಡು, ಈ ಮೇಣ ಇದೆಯಲ್ಲ" ಅಂತ ಶುರುಮಾಡಿದರು. ನಾನು ಬಾಯಿ ಹಾಕಿದೆ: "ಮೇಣ ಗೊತ್ತು ಮೇಡಂ. ನಮ್ಮಲ್ಲೂ ಇದೆ."

ಇತ್ತು, ನಿಜ. ಹರಳನ್ನು ಉಜ್ಜುವಾಗ ಅಲುಗದಿರಲಿ ಅಂತ ಮೇಣ ಹಚ್ಚಿ ಅಂಟಿಸುತ್ತೇವೆ. ಕೆಲಸ ಮುಗಿದ ಮೇಲೆ ಬ್ಲೇಡಿನಲ್ಲಿ ಕೆರೆದು ಒರೆಸಿದರೆ ಹರಳು ಲಕಲಕ. ಮಾಂಸದ ಪದರಕ್ಕೂ ಹಾಗೇ ಮಾಡಿದೆ. ಹೋಲಿಸಿ ನೋಡುವ ಆರೋಗ್ಯದ ಮಾಂಸವನ್ನು ಮಾತ್ರ ಆಪರೇಷನ್ ಆದ ದಿನವೇ ಹೆಪ್ಪುಗಟ್ಟಿಸಿ ಕೊಯ್ದು ಕೊಡುತ್ತಿದ್ದರು, ಅದಕ್ಕೆ ಮೇಣದ ಗೊಡವೆ ಇಲ್ಲ.

ಗೆರೆ ಬಂತು ನೋಡಿ. ಗೆಡ್ಡೆಯ ಗೆರೆಯಲ್ಲಿ ಬಾವಿಯಷ್ಟು ಆಳದ ಹಳ್ಳಗಳು, ಆರೋಗ್ಯದ ಗೆರೆಯಲ್ಲಿ ಆ ಹಳ್ಳ ಹೆಸರಿಗಷ್ಟೇ. ಪ್ರತಿ ಸಲವೂ ಅದೇ. ಗೆಡ್ಡೆಯಲ್ಲಿ ಯಾವುದೋ ಕೊಬ್ಬು ತುಂಬಿಕೊಳ್ಳುತ್ತೆ ಅಂತ ಲ್ಯಾಬಿಗೆಲ್ಲ ಸಾರಿದೆ. ಶಾಲು ಹೊದಿಸಿಕೊಳ್ಳುವಾಗ ಕತ್ತನ್ನು ಎಷ್ಟು ಬಗ್ಗಿಸಿದರೆ ವಿನಯ ಕಾಣುತ್ತೆ ಅಂತ ಗೆಳೆಯರೆದುರು ಪ್ರಾಕ್ಟೀಸೂ ಆಯಿತು.

ಸೆಮಿನಾರಿಗೆ ಒಂದು ವಾರ ಇದೆ ಅನ್ನುವಾಗ ಗೆರೆಗಳನ್ನು ಡಾಕ್ಟರಮ್ಮನ ಮೇಜಿನ ಮೇಲೆ ಹರಡಿದೆ. ಅವರು ನೋಡಿದರು.

"ಮೇಣ ತೆಗೆದ್ಯಾ?"

"ಬ್ಲೇಡಲ್ಲಿ ಕೆರೆದೆ ಮೇಡಂ."

ಅವರು ನಕ್ಕ ರಭಸಕ್ಕೆ ಅಟೆಂಡರು ಬಾಗಿಲಲ್ಲಿ ಇಣುಕಿ ನೋಡಿ ಹೋದ. "ಮೇಣ ಮಾಂಸದ ಸುತ್ತ ಇರಲ್ಲಪ್ಪ, ಒಳಗೆ ಇರುತ್ತೆ. ನೀರೆಲ್ಲ ತೆಗೆದು, ಆ ಜಾಗಕ್ಕೆ ಮೇಣ ತುಂಬ್ತೀವಿ. ಕ್ಸೈಲೀನ್‌ನಲ್ಲಿ ನೆನೆಸಿ ಕರಗಿಸಬೇಕು. ಅದನ್ನೇ ಅವತ್ತು ಹೇಳೋಕೆ ಬಂದೆ. ನಿನಗೆ ಗೊತ್ತಿತ್ತಲ್ಲ." ಕಣ್ಣೊರೆಸಿಕೊಂಡು ಮುಂದುವರಿಸಿದರು: "ಒಂದು ವರ್ಷ ಮೇಣದಬತ್ತಿಗೆ ಕ್ಯಾನ್ಸರ್ ಇದೆಯಾ ಅಂತ ನೋಡಿದ್ದೀಯ."

ಕರಗಿಸಿ ಮತ್ತೆ ಯಂತ್ರಕ್ಕಿಟ್ಟೆ. ಬಾವಿಗಳೆಲ್ಲ ಮುಚ್ಚಿಹೋದವು. ಉಳಿದದ್ದು ಒಂದು ಕಡೆ ಸಣ್ಣ ತಗ್ಗು, ಅದೂ ಕೆಲವು ಗೆಡ್ಡೆಗಳಲ್ಲಿ ಉಂಟು, ಕೆಲವುಗಳಲ್ಲಿ ಇಲ್ಲ.

ಪ್ರೊಫೆಸರಿಗೆ ಹೇಳಿದೆ. ಕನ್ನಡಕ ಇಳಿಯಿತು. "ಸೋ." ಬಲಗಾಜು. "ಸೆಮಿನಾರಿನಲ್ಲಿ ನಿನ್ನ ಹಳೇ ಕ್ಯಾಲ್ಸೈಟ್ ಹರಳಿನ ಬಗ್ಗೆ ಮಾತಾಡು. ಮಾಂಸದ ಸುದ್ದಿ ಎತ್ತಬೇಡ. ಯಾರಿಗೂ ಗೊತ್ತಾಗಲ್ಲ."

ದಯೆಯಿಂದಲೇ ಹೇಳಿದರು, ಅದು ಸುಳ್ಳಲ್ಲ. ಆದರೆ ಮಾಂಸವನ್ನು ಮುಚ್ಚಿಟ್ಟರೆ ಅದು ಸತ್ತಂತೆಯೇ. ನಾಳೆ ಇನ್ನೊಬ್ಬ ಬಂದು ಕೇಳಿದರೆ, ಹಿಂದೆ ಒಬ್ಬ ನೋಡಿದ್ದ, ಏನೂ ಸಿಗಲಿಲ್ಲ ಅಂತ ಹೇಳಿ ಕಳಿಸುತ್ತಾರೆ. ಸಿಕ್ಕಿರಲಿಲ್ಲ ಅನ್ನುವುದೂ ಸುಳ್ಳು, ಹುಡುಕಿರಲೇ ಇಲ್ಲ.

ಸೆಮಿನಾರಿನ ದಿನ ಬೋರ್ಡಿನ ಮೇಲೆ ಎರಡೂ ಗೆರೆ ಅಂಟಿಸಿದೆ, ಮೇಣದ್ದು, ಮೇಣ ಕರಗಿಸಿದ್ದು. ಮೊದಲು ಹಿಂದಿನ ತಿಂಗಳ ನನ್ನನ್ನೇ ಅನುಕರಿಸಿದೆ: ಎದೆ ಉಬ್ಬಿಸಿಕೊಂಡು, ಬೆರಳು ಮೇಲೆತ್ತಿ, "ಕೊಬ್ಬು ಸ್ವಾಮಿ, ಕೊಬ್ಬು." ಹರಳಿನವರು ಮೇಜು ಬಡಿದು ನಕ್ಕರು. ನಗು ಇಳಿದ ಮೇಲೆ ಮೇಣದ ಕಥೆ ಪೂರ್ತಿ ಹೇಳಿದೆ, ಎಲ್ಲಿ ಕೆರೆದೆ, ಯಾಕೆ ಕೆರೆದೆ, ಯಾರು ಕಂಡುಹಿಡಿದರು, ಎಲ್ಲ. ಕೊನೆಗೆ ಆ ಸಣ್ಣ ತಗ್ಗನ್ನು ತೋರಿಸಿ, "ಇದು ರೋಗವೋ ನನ್ನ ಇನ್ನೊಂದು ದಡ್ಡತನವೋ ಗೊತ್ತಿಲ್ಲ. ಗೊತ್ತಾಗೋವರೆಗೂ ಹರಳಿಗೆ ಬರಲ್ಲ" ಅಂದೆ.

ಎಲ್ಲರೂ ಎದ್ದುಹೋದ ಮೇಲೆ ಪ್ರೊಫೆಸರು ಕೂತೇ ಇದ್ದರು.

"ಸುಮ್ಮನಿರು ಅಂದಿದ್ದೆ."

"ಡಾಕ್ಟರಮ್ಮನ ಬಾಯಿ ನೀವು ನೋಡಿಲ್ಲ ಸಾರ್."

"ಹರಳಿಗೆ ಬಂದ್ರೆ ಎರಡು ವರ್ಷದಲ್ಲಿ ಡಿಗ್ರಿ."

"ಬರಲ್ಲ ಸಾರ್."

"ವಾರವೆಲ್ಲ ಯಂತ್ರ ಹರಳಿನವರದ್ದು."

"ಹೊರಗೆ ಎಲ್ಲಾದ್ರೂ ಹುಡುಕ್ತೀನಿ ಸಾರ್."

ಅವರು ಎದ್ದರು, ಬೋರ್ಡಿನ ಹತ್ತಿರ ಹೋಗಿ ಆ ತಗ್ಗನ್ನು ಮೂಗು ತಾಗುವಷ್ಟು ಹತ್ತಿರದಿಂದ ನೋಡಿದರು. "ಶನಿವಾರ ಮಧ್ಯಾಹ್ನ ನಾನು ಬರಲ್ಲ. ನಾನಿಲ್ಲದಾಗ ಯಂತ್ರದಲ್ಲಿ ಯಾರು ಏನಿಡ್ತಾರೋ ನನಗೆ ಹೇಗೆ ಗೊತ್ತಾಗ್ಬೇಕು?"

ಮುಂದಿನ ಶನಿವಾರ ಡಾಕ್ಟರಮ್ಮ ಗೆಡ್ಡೆಯನ್ನೂ ಮೇಣದ ಸಹವಾಸವೇ ಇಲ್ಲದೆ ಹೆಪ್ಪುಗಟ್ಟಿಸಿ ಕೊಯ್ದರು. ಪದರವನ್ನು ನನ್ನ ಉಪ್ಪಿನ ಬಿಲ್ಲೆಯ ಮೇಲೆ ಹರಡುತ್ತಾ, "ಈ ಸಲ ಮೇಣವಿಲ್ಲ. ನೆಪಾನೂ ಇಲ್ಲ" ಅಂದರು.

ನನ್ನ ಜೊತೆ ಸೇರಿದ ಹರಳಿನವರು ಆಗಲೇ ಡಿಗ್ರಿ ಪಡೆದು ಡಾಕ್ಟರುಗಳಾಗಿ ಹೋದರು. ನಾನು ಇನ್ನೂ ಶನಿವಾರದವನು. ತಗ್ಗು ಕೆಲವು ಸಲ ಬರುತ್ತೆ, ಕೆಲವು ಸಲ ಇಲ್ಲ. ಯಾಕೆ ಬರುತ್ತೆ ಅನ್ನುವುದಕ್ಕಿಂತ ಯಾಕೆ ಬರಲ್ಲ ಅಂತ ಈಗ ಹುಡುಕುತ್ತಿದ್ದೇನೆ. ಇವತ್ತೂ ಎರಡು ಪದರ ತಂದಿದ್ದೇನೆ, ಯಂತ್ರ ಬಿಸಿಯಾಗುತ್ತಿದೆ.