ಏಳು ಜೇಬಿನ ಡೈಪರ್ ಬ್ಯಾಗು

ನನ್ನ ಹೆಂಡತಿಗೆ ಅದು ವಯೋಮಿತಿಯ ಕೊನೆಯ ವರ್ಷವಾಗಿತ್ತು. ಶಿಕ್ಷಣ ಸಂಸ್ಥೆಯೊಂದು ತನ್ನ ಶಾಲೆಗಳಿಗೆ ಕಾಯಂ ಶಿಕ್ಷಕರನ್ನು ಆರಿಸಲು ಎರಡು ವರ್ಷಕ್ಕೊಮ್ಮೆ ಲಿಖಿತ ಪರೀಕ್ಷೆ ನಡೆಸುತ್ತದೆ. ಈ ಸಲದ ಕೇಂದ್ರ ಸಿದ್ದಾಪುರ. ಬೆಳಗ್ಗೆ ಒಂದು ಪೇಪರು, ಮಧ್ಯಾಹ್ನ ಇನ್ನೊಂದು. ಅವಳು ಯಲ್ಲಾಪುರದ ಚಂದಗುಳಿ ಬದಿಯ ಶಾಲೆಯೊಂದಕ್ಕೆ ಶಿರಸಿಯಿಂದ ದಿನಾ ಬಸ್ಸಿನಲ್ಲಿ ಹೋಗಿಬಂದು ವರ್ಷಗಟ್ಟಲೆ ತಾತ್ಕಾಲಿಕ ಶಿಕ್ಷಕಿಯಾಗಿ ದುಡಿದವಳು. ತಾತ್ಕಾಲಿಕ ಎಂಬ ಪದ ಅವಳಿಗೆ ಸಾಕಾಗಿತ್ತು.

ಹಿಂದಿನ ಸಲವೂ ಪರೀಕ್ಷೆಗೆ ಕೂತಿದ್ದಳು. ಆಗ ಮಗಳಿಗೆ ಒಂಬತ್ತು ತಿಂಗಳು. ಮಗುವನ್ನು ಹೊರಗೆ ನೋಡಿಕೊಳ್ಳುವ ಹೊಣೆ ನನ್ನದು. ಬಟ್ಟೆ ಅಂಗಡಿಯವರು ಕೊಟ್ಟ ಕೈಚೀಲದಲ್ಲಿ ಎಲ್ಲವನ್ನೂ ಒಟ್ಟಿಗೆ ತುರುಕಿಕೊಂಡು ಹೋಗಿದ್ದೆ. ಮಧ್ಯಾಹ್ನ ಎರಡೂವರೆಯ ಹೊತ್ತಿಗೆ ಹಾಲಿನ ಬಾಟಲಿ ಚೀಲದೊಳಗೇ ಸೋರಿತು. ಒಣ ಬಟ್ಟೆ ಒಂದೂ ಉಳಿಯಲಿಲ್ಲ. ಮಗು ಗೇಟಿನ ಹೊರಗೆ ಕಿರುಚತೊಡಗಿತು, ದನಿ ಕಿಟಕಿ ದಾಟಿ ಒಳಗೆ ಹೋಯಿತು. ಅವಳು ಮೂರನೆಯ ಪ್ರಶ್ನೆಗೇ ಉತ್ತರಪತ್ರಿಕೆ ಒಪ್ಪಿಸಿ ಎದ್ದು ಬಂದಳು. ಇದಕ್ಕೆ ನಾನೇ ಪ್ರತ್ಯಕ್ಷದರ್ಶಿ; ಬೇರೆ ಮೂಲಗಳಿಂದ ಖಚಿತಪಡಿಸಿಕೊಳ್ಳಬೇಕಾಗಿಲ್ಲ.

ಈ ಸಲ ಮಕ್ಕಳು ಇಬ್ಬರು. ಮಗಳಿಗೆ ಇನ್ನೇನು ಮೂರು ತುಂಬುವುದಿತ್ತು, ಮಗನಿಗೆ ಎಂಟು ತಿಂಗಳು. ಹಾಲ್ ಟಿಕೆಟ್ ಬಂದ ದಿನ ಅವಳು ಒಂದೇ ಒಂದು ಷರತ್ತು ಹಾಕಿದಳು.

"ಆನು ಹೋಗ್ತೆ, ಬರೀತೆ. ಆದ್ರೆ ಈ ಸಲ ನಡುವೆ ಎದ್ದು ಬತ್ನಿಲ್ಲೆ. ಎಂತೇ ಆದ್ರೂ ನೀನೇ ನೋಡ್ಕಳವು."

"ನೋಡ್ಕತ್ತೆ."

"ಹೋದ ಸಲನೂ ಹಿಂಗೇ ಹೇಳಿದ್ದೆ."

"ಹೋದ ಸಲ ಚೀಲ ಸರಿ ಇತ್ತಿಲ್ಲೆ."

ನಾನು ಶಿರಸಿಯಲ್ಲಿ ಪತ್ರಿಕೆಯೊಂದರ ವರದಿಗಾರ. ಅದಕ್ಕೂ ಮೊದಲು ಹತ್ತು ವರ್ಷ ಸುದ್ದಿ ತಿದ್ದುವ ಡೆಸ್ಕಿನಲ್ಲಿದ್ದೆ. ತಪ್ಪಾದರೆ ವ್ಯಕ್ತಿಯನ್ನು ಬಿಟ್ಟು ವ್ಯವಸ್ಥೆಯನ್ನು ದೂರುವುದು ಅಲ್ಲಿ ಕಲಿತ ಅಭ್ಯಾಸ. ಚೀಲದ ಮೇಲೆ ಆರೋಪ ಹೊರಿಸಿದ ಮೇಲೆ ಚೀಲ ಬದಲಿಸುವುದು ಅನಿವಾರ್ಯವಾಯಿತು.

ಪೇಟೆಯ ಬ್ಯಾಗಿನ ಅಂಗಡಿಗೆ ನಾಲ್ವರೂ ಹೋದೆವು. ಅಂಗಡಿಯವರು ಹಾವೇರಿ ಕಡೆಯವರು.

"ಬರ್ರಿ ಸರ, ಬರ್ರಿ ಅಕ್ಕಾರ. ಡೈಪರ್ ಬ್ಯಾಗ್ ಏನ್ರಿ? ಸಾದಾ ಬೇಕೋ, ಡಿಸೈನರ್ ಬೇಕೋ?"

"ಏನು ವ್ಯತ್ಯಾಸ?"

"ಸಾದಾ ಹಾಕ್ಕೊಂಡ್ರ ಕೂಸು ಹೊತ್ಕೊಂಡ ಅಪ್ಪ ಅಂತ ಗೊತ್ತಾಗತೈತ್ರಿ. ಡಿಸೈನರ್ ಹಾಕ್ಕೊಂಡ್ರ ವಿಮಾನ ಹತ್ತಾಕ ಹೊಂಟಾರ ಅಂತ ತಿಳೀತಾರ."

ಸಿದ್ದಾಪುರದ ಬಸ್ಸು ಹತ್ತುವವನಿಗೆ ಇದರ ಅಗತ್ಯ ಎಷ್ಟು ಎಂದು ನಾನು ಯೋಚಿಸುತ್ತಿರುವಾಗಲೇ ಹೆಂಡತಿ ಮೂರು ಬ್ಯಾಗುಗಳನ್ನು ಕೆಳಗಿಳಿಸಿ ಆಗಿತ್ತು. ಕೆನೆ ಬಣ್ಣದ್ದೊಂದು ಬಹಳ ಚೆಂದವಿತ್ತು. ಅದನ್ನು ಆಸೆಯಿಂದ ಸವರಿ ನೋಡಿ, ಮಕ್ಕಳಿಬ್ಬರ ಕೈಗಳನ್ನೂ ಒಮ್ಮೆ ನೋಡಿ, ತಾನಾಗಿಯೇ ಬದಿಗಿಟ್ಟಳು. ಮಗಳಿಗೆ ಜಿರಾಫೆಯ ಚಿತ್ರದ್ದೇ ಬೇಕಿತ್ತು. ಅದರೊಳಗೆ ಕಾಲಿಟ್ಟು ಕೂತು, ತನಗೆ ಸರಿಯಾಗುತ್ತದೆ ಎಂದು ಘೋಷಿಸಿದಳು. ನಾನು ಜೇಬು ಎಣಿಸುತ್ತಿದ್ದೆ. ಜಿಪ್ಪುಗಳನ್ನು ಹತ್ತು ಹತ್ತು ಸಲ ಎಳೆದೆ. ಕುಡಿಯುವ ನೀರಿನ ಬಾಟಲಿ ತೆಗೆದು ಒಂದರ ಮೇಲೆ ಸುರಿದೂ ನೋಡಿದೆ. ಅಂಗಡಿಯವರು ಗಲ್ಲಾ ಬಿಟ್ಟು ಎದ್ದು ಬಂದರು.

"ಸರ, ಬ್ಯಾಗ್ ತಗೊಳ್ಳಾಕ ಬಂದೀರೋ, ತನಿಖೆಗೆ ಬಂದೀರೋ?"

ಕೊನೆಗೆ ಕಡುಹಸಿರು ಬಣ್ಣದ್ದು ಎಲ್ಲರಿಗೂ ಒಪ್ಪಿಗೆಯಾಯಿತು. ಮಗಳ ಭಿನ್ನಮತವನ್ನು ದಾಖಲಿಸಿಕೊಳ್ಳಲಾಯಿತು. ತೊಗಲಿನಂತೆ ಕಾಣುವ ಪಟ್ಟಿ, ಏಳು ಜೇಬು, ಬಾಟಲಿ ಇಡಲು ಒಳಗೆ ಬೆಳ್ಳಿ ಹಾಳೆ ಹೊದಿಸಿದ ಒಂದು ತಂಪು ಖಾನೆ, ಮಗುವನ್ನು ಮಲಗಿಸಿ ಡೈಪರ್ ಬದಲಿಸಲು ಮಡಚುವ ಚಾಪೆ.

"ಪರೀಕ್ಷೆ ಯನ್ನದು, ತಯಾರಿ ನಿಂದು" ಎಂದು ಹೆಂಡತಿ ನಕ್ಕಳು.

ತಯಾರಿ ನಿಜಕ್ಕೂ ನನ್ನದೇ ಆಯಿತು. ಶನಿವಾರ ಸಂಜೆ ಒಂದು ಹಾಳೆಯಲ್ಲಿ ಬ್ಯಾಗಿನ ನಕ್ಷೆ ಬರೆದೆ, ಪುಟ ಕಟ್ಟುವ ಮೊದಲು ಡೆಸ್ಕಿನಲ್ಲಿ ಬರೆಯುತ್ತಿದ್ದ ಹಾಗೆ. ತುರ್ತಾಗಿ ಬೇಕಾದದ್ದು ಮೇಲೆ, ಆಮೇಲೂ ನಡೆಯುವಂಥದ್ದು ಕೆಳಗೆ. ಡೈಪರ್ ಒಟ್ಟು ಹನ್ನೆರಡು: ಮಗನದು ಏಳು, ಮಗಳದು ಐದು. ಮಗಳಿಗೆ ಮನೆಯಲ್ಲಿ ಡೈಪರ್ ಬೇಕಿರಲಿಲ್ಲ, ಪ್ರಯಾಣದಲ್ಲಿ ಮಾತ್ರ ಅವಳ ಮಾತನ್ನು ನಂಬುವಂತಿರಲಿಲ್ಲ. ಹೆಂಡತಿ ಕುರ್ಚಿಯ ಮೇಲೆ ಕಾಲು ಮಡಚಿ ಕೂತು ಶಿಶು ಮನೋವಿಜ್ಞಾನದ ಟಿಪ್ಪಣಿ ಓದುತ್ತಿದ್ದಳು. ಅವಳ ಸ್ವಂತ ಶಿಶು ನೆಲದಲ್ಲಿ ಕೂತು ಒದ್ದೆ ಟಿಶ್ಯೂಗಳನ್ನು ಒಂದೊಂದಾಗಿ ಎಳೆದು ರುಚಿ ನೋಡುತ್ತಿತ್ತು.

"ಜ್ವರದ ಔಷಧಿ?" ಪುಸ್ತಕದಿಂದ ತಲೆ ಎತ್ತದೆ ಕೇಳಿದಳು.

"ಎಡಗಡೆ, ಮೂರನೇ ಜೇಬು."

"ಮಗಳ ಇನ್ನೊಂದು ಜೊತೆ ಬಟ್ಟೆ?"

"ಹಿಂದಿನ ಜೇಬು."

"ಸಿಟ್ಟು ಬಂದ್ರೆ ಇಟ್ಕಂಬ್ಲೆ ಜೇಬು ಇದ್ದಾ?"

ಅದು ನಕ್ಷೆಯಲ್ಲಿ ಇರಲಿಲ್ಲ.

ಭಾನುವಾರ ಬೆಳಗಿನ ಬಸ್ಸಿಗೆ ಹೊರಟು ಅವಳನ್ನು ಕೇಂದ್ರದ ಗೇಟಿಗೆ ಬಿಟ್ಟೆ. ಅಲ್ಲಿಂದ ಮಕ್ಕಳೊಡನೆ ಅವಳ ಚಿಕ್ಕಮ್ಮನ ಮನೆಗೆ ಹೋದೆ. ಚಿಕ್ಕಮ್ಮ ಅಂಚೆ ಇಲಾಖೆಯಿಂದ ನಿವೃತ್ತರಾದವರು, ಸಿದ್ದಾಪುರ ಪೇಟೆಯಲ್ಲೇ ಮನೆ. ಮಧ್ಯಾಹ್ನ ಅವರಿಗೆ ಒಂದು ಮದುವೆಗೆ ಹೋಗುವುದಿತ್ತು. ಹಾಗಾಗಿ ಹನ್ನೆರಡೂವರೆಗೆ ನಾವು ಅಲ್ಲಿಂದ ಹೊರಟು, ಬಿಡುವಿನಲ್ಲಿ ಮಗನಿಗೆ ಹಾಲು ಕುಡಿಸಿಕೊಂಡು, ಎರಡನೆಯ ಪೇಪರು ಮುಗಿಯುವವರೆಗೆ ಗೇಟಿನ ಹೊರಗೇ ಕಾದು, ನೇರ ಬಸ್ಸು ಹಿಡಿಯುವುದೆಂದು ಗೊತ್ತಾಗಿತ್ತು.

ಚಿಕ್ಕಮ್ಮ ಬ್ಯಾಗನ್ನು ಒಂದು ಸುತ್ತು ಹಾಕಿ ನೋಡಿದರು.

"ಎಂತ ತಮಾ, ಊರು ಬಿಟ್ಟೇ ಹೊಂಟ್ರಾ?"

ನಾನು ಒಂದೊಂದೇ ಜೇಬು ತೆರೆದು ತೋರಿಸಿದೆ. ಆವತ್ತು ನನಗೆ ಸ್ವಲ್ಪ ಹೆಮ್ಮೆ ಇತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಒಂದು ಡೈಪರ್ ಬಿಡಿಸಿ ಹಿಡಿದು, "ಇದು ಲೋಟಗಟ್ಲೆ ನೀರು ಹೀರ್ತು ಚಿಕ್ಕಮ್ಮ. ಒಂದು ಹನಿ ಹೊರಗೆ ಬತ್ತಿಲ್ಲೆ" ಎಂದೆ.

"ಎಂತ ಹಾಕಿದ್ರೂ ಹೀರ್ತಾ?"

"ಎಂತ ಹಾಕಿದ್ರೂ."

"ಮೆತ್ತಗೆ ಬೇರೆ ಇದ್ದು" ಎಂದು ಬೆರಳಿನಿಂದ ಒತ್ತಿ ನೋಡಿದರು. ಯಾಕೆ ಕೇಳುತ್ತಿದ್ದೀರಿ ಎಂದು ನಾನು ಮರುಪ್ರಶ್ನೆ ಹಾಕಬೇಕಿತ್ತು. ಇಪ್ಪತ್ತು ವರ್ಷ ಈ ಕೆಲಸದಲ್ಲಿದ್ದೂ ಹಾಕಲಿಲ್ಲ.

ನಮ್ಮ ಕಡೆ ಬಂದವರನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಬೇಡ ಎಂದರೆ ಸಂಕೋಚ ಎಂದು ತಿಳಿದು ಇನ್ನಷ್ಟು ತುಂಬುತ್ತಾರೆ. ಅದು ಮಾರ್ಚ್ ತಿಂಗಳು, ಅಪ್ಪೆಮಿಡಿಯ ಕಾಲ. ಉಪ್ಪಿನಕಾಯಿಗೆ ಹಾಕುವ ಈ ಎಳೆಯ ಮಾವಿನ ಮಿಡಿಯನ್ನು ತೊಟ್ಟಿನ ಸಮೇತ, ಒಂದಕ್ಕೊಂದು ತಾಗಿ ಜಜ್ಜದ ಹಾಗೆ ಸಾಗಿಸಬೇಕು. ತೊಟ್ಟು ಮುರಿದರೆ ಸೊನೆ ಸುರಿಯುತ್ತದೆ. ಆ ಸೊನೆ ಚರ್ಮಕ್ಕೆ ತಾಗಿದರೆ ಸುಟ್ಟ ಹಾಗೆ ಬೊಬ್ಬೆ ಏಳುತ್ತದೆ. ಆದ್ದರಿಂದ ಮಿಡಿ ಕೊಡುವವರು ಮೆತ್ತಗಿನ, ಸೊನೆ ಹೀರುವ ಏನಾದರೂ ಸಿಗುತ್ತದೆಯೇ ಎಂದು ಹುಡುಕುತ್ತಿರುತ್ತಾರೆ.

ನಾನು ಜಗಲಿಯಲ್ಲಿ ಮಗಳಿಗೆ ಅನ್ನ ಉಣ್ಣಿಸುತ್ತಿದ್ದಾಗ ಚಿಕ್ಕಮ್ಮ ಒಳಗೆ ಬ್ಯಾಗು ತುಂಬಿದರು. ಜಿಪ್ಪು ಎಳೆದು ನನ್ನ ಹೆಗಲಿಗೆ ಹಾಕಿ, ಬಾಗಿಲಿಗೆ ಬೀಗ ಹಾಕಿ, ಮದುವೆಗೆ ಹೋದರು. ಭಾರ ಹೆಚ್ಚಿದೆ ಅನಿಸಿತು. ಮಗನನ್ನೂ ಎತ್ತಿಕೊಂಡಿದ್ದರಿಂದ ಯಾವುದು ಯಾರ ಭಾರ ಎಂದು ತಿಳಿಯಲಿಲ್ಲ.

ಒಂದು ಗಂಟೆಗೆ ಹೆಂಡತಿ ಗೇಟಿನ ಹೊರಗೆ ಬಂದಳು. ಮೊದಲ ಪೇಪರು ಅಡ್ಡಿಲ್ಲ ಎಂದಳು. ನಿಂತಿದ್ದ ಆಟೋದೊಳಗೆ ಕೂತು ಮಗನಿಗೆ ಹಾಲು ಕುಡಿಸಿದಳು. ನಾನು ಮನೆಯಲ್ಲಿ ತೊಡಿಸಿದ್ದ ಡೈಪರ್ ಬದಲಿಸಲು ಸಿದ್ಧನಾಗಿ ಆಟೋದ ಹಿಂಬದಿಯಲ್ಲಿ ಬ್ಯಾಗು ತೆರೆದೆ.

ತಂಪು ಖಾನೆಯ ತುಂಬ ಅಪ್ಪೆಮಿಡಿ. ನಡುವಿನ ದೊಡ್ಡ ಖಾನೆಯಲ್ಲೂ ಅಪ್ಪೆಮಿಡಿ. ಐದೈದು ಮಿಡಿಗಳ ಗೊಂಚಲಿಗೆ ಒಂದೊಂದು ಡೈಪರ್ ಸುತ್ತಿ, ಅದರದೇ ಅಂಟುಪಟ್ಟಿಯನ್ನು ನೀಟಾಗಿ ಅಂಟಿಸಲಾಗಿತ್ತು. ಮಿಡಿಗಳು ಎಂಟು ತಿಂಗಳ ಕೂಸುಗಳ ಹಾಗೆ ಸಾಲಾಗಿ ಮಲಗಿದ್ದವು. ಅಡಿಯಲ್ಲಿ ಹಾಸಿದ್ದು ಮಡಚುವ ಚಾಪೆ. ಒಂದನ್ನು ಬಿಡಿಸಿ ನೋಡಿದೆ. ಕಂಪನಿಯವರು ಹೇಳಿದ್ದು ನಿಜ: ಸೊನೆಯನ್ನು ಪೂರ್ತಿ ಹೀರಿಕೊಂಡಿತ್ತು, ಹೊರಗೆ ಒಂದು ಹನಿ ಬಂದಿರಲಿಲ್ಲ. ಹನ್ನೆರಡಕ್ಕೆ ಹನ್ನೆರಡೂ ಹಾಗೇ. ಮಗುವಿಗೆ ತೊಡಿಸುವಂಥದ್ದು ಒಂದೂ ಇರಲಿಲ್ಲ.

"ಎಂತ ವಾಸನೆ ಅದು?" ಆಟೋದೊಳಗಿಂದ ಹೆಂಡತಿ ಕೇಳಿದಳು.

"ಚಿಕ್ಕಮ್ಮ ಮಿಡಿ ಕೊಟ್ಟಿದ್ದು."

"ಡೈಪರ್ ಇದ್ದಲ?"

"ಇದ್ದು. ಹನ್ನೆರಡೂ ಇದ್ದು."

ಇದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಉಳಿದ ವಿವರವನ್ನು ಮುಂದಿನ ಆವೃತ್ತಿಗೆ ತಡೆಹಿಡಿದಿದ್ದೆ, ಅಷ್ಟೆ. ಆದರೆ ಸುದ್ದಿ ಸೋರುವುದು ಯಾವಾಗಲೂ ಒಳಗಿನವರಿಂದಲೇ. ಮಗಳು ಬ್ಯಾಗಿನೊಳಗೆ ಇಣುಕಿ ಕುಣಿಯತೊಡಗಿದಳು.

"ಆಯಿ, ಆಯಿ! ಅಜ್ಜಿ ಮಾವಿನಮಿಡಿಗೆಲ್ಲ ಡೈಪರ್ ಹಾಕಿದ್ದು!"

"ಹೌದಾ? ಯಾವ ಸೈಜು?" ಎಂದಳು ಹೆಂಡತಿ. ನನ್ನ ಮುಖ ನೋಡಿದಳು. ನಾನು ಮುಖದಲ್ಲಿ ಏನೂ ತೋರಗೊಡದೆ ಜಿಪ್ಪು ಎಳೆದೆ. ಎರಡರ ಗಂಟೆ ಹೊಡೆಯಿತು. ಮಗನನ್ನು ನನ್ನ ಕೈಗೆ ಕೊಟ್ಟು, ಸೆರಗು ಸರಿಮಾಡಿಕೊಂಡು, ತಿರುಗಿ ನೋಡದೆ ಒಳಗೆ ಹೋದಳು.

ಇನ್ನು ಎರಡೂವರೆ ಗಂಟೆ ನನ್ನದು. ಔಷಧಿ ಅಂಗಡಿಗೆ ಹೋದೆ; ನಾಲ್ಕಕ್ಕೆ ತೆರೆಯುತ್ತಾರೆಂದು ಪಕ್ಕದವರು ಹೇಳಿದರು. ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಮದುವೆಯ ವಾಲಗದಲ್ಲಿ ಅವರಿಗೆ ಕೇಳಿದ್ದು ನಾನು ಮಿಡಿಗೆ ಕೃತಜ್ಞತೆ ಹೇಳುತ್ತಿದ್ದೇನೆ ಎಂದು. ಮಗನಿಗೆ ನಾಲ್ಕರವರೆಗೆ ಕಾಯುವ ಉದ್ದೇಶವಿರಲಿಲ್ಲ. ಗೇಟಿನ ಬಳಿ ಮರಳುವಷ್ಟರಲ್ಲಿ ತನ್ನ ಕೆಲಸ ಮುಗಿಸಿ, ಅದನ್ನು ಎತ್ತರದ ದನಿಯಲ್ಲಿ ಸಾರತೊಡಗಿದ. ಪರೀಕ್ಷೆಯ ಕೋಣೆಯ ಕಿಟಕಿಗಳು ತೆರೆದಿದ್ದವು.

ಅವನನ್ನು ಎತ್ತಿಕೊಂಡು ರಸ್ತೆ ದಾಟಿ ಓಡಿದೆ. ಎದುರಿನ ಕಟ್ಟೆಯ ಮೇಲೆ ಆ ದಿನದ ಪತ್ರಿಕೆ ಹಾಸಿ ಮಲಗಿಸಿದೆ. ಮೇಲಿದ್ದ ಪುಟದಲ್ಲಿ ನನ್ನದೇ ವರದಿ ಇತ್ತು. ಮಗ ಅದಕ್ಕೆ ತನ್ನ ಅಭಿಪ್ರಾಯವನ್ನು ಕೂಡಲೇ ಸೇರಿಸಿದ. ಪುಣ್ಯಕ್ಕೆ ಟಿಶ್ಯೂ ಇದ್ದ ಜೇಬಿಗೆ ಚಿಕ್ಕಮ್ಮನ ಕೈ ಹೋಗಿರಲಿಲ್ಲ. ಒರೆಸಿದ್ದಾಯಿತು. ತೊಡಿಸುವುದು ಏನನ್ನು?

ಕಟ್ಟೆಯ ಇನ್ನೊಂದು ತುದಿಯಲ್ಲಿ ಮುಂಡಗೋಡ ಕಡೆಯ ಒಬ್ಬ ಹೆಂಗಸು ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದರು. ಅವರ ಸೊಸೆಯೂ ಒಳಗೆ ಬರೆಯುತ್ತಿದ್ದಳು. ಪಕ್ಕದಲ್ಲಿ ಬಟ್ಟೆಯದೊಂದು ಗಂಟು ಇತ್ತು.

"ಯಾಕ್ರಿ ಅಣ್ಣಾರ, ಇಷ್ಟ ಚೊಲೋ ಬ್ಯಾಗ್ ಇಟ್ಕೊಂಡು ಕೂಸಿನ್ನ ಬತ್ತಲೆ ಕೂಡಿಸೀರಿ?"

ಬ್ಯಾಗು ತೆರೆದು ತೋರಿಸಿದೆ. ಅವರು ಬಾಯಿಗೆ ಸೆರಗು ಒತ್ತಿಕೊಂಡು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ನಕ್ಕಾದ ಮೇಲೆ ಒಂದು ಮಿಡಿ ಎತ್ತಿ ಮೂಸಿ ನೋಡಿದರು. ದನಿ ವ್ಯಾಪಾರದ ದನಿಯಾಯಿತು.

"ಅಪ್ಪೆ ಏನ್ರಿ ಇದು? ನಮ್ಮ ಕಡೆ ಇಂಥಾದ್ದು ಸಿಗೂದಿಲ್ಲ. ನಾಕ ಅರಿಬಿ ಕೊಡ್ತೇನಿ. ಅರ್ಧ ಮಿಡಿ ನನಗ ಕೊಡ್ರಿ."

"ಎಲ್ಲಾ ತಗೊಳ್ಳಿ."

"ಹಂಗ್ಯಾಕ? ನಿಮ್ಮ ಮನಿಯಾಕಿ ನನಗ ಬೈಬೇಕೇನು? ಅರ್ಧ ಸಾಕು."

ಗಂಟಿನಿಂದ ಹಳೆಯ ಧೋತರದ ಮೆತ್ತನೆಯ ಚೌಕಗಳು ಹೊರಬಂದವು. ಅವರು ಮಗನ ಎರಡೂ ಕಾಲನ್ನು ಒಂದೇ ಕೈಯಲ್ಲಿ ಹಿಡಿದೆತ್ತಿ, ಮುಮ್ಮೂಲೆ ಮಾಡಿ ಕಟ್ಟಿದರು. ಒಂದು ನಿಮಿಷವೂ ಹಿಡಿಯಲಿಲ್ಲ. ಮಗ ಅಳು ನಿಲ್ಲಿಸಿ ಅವರ ಬಳೆ ಹಿಡಿದುಕೊಂಡ. ನಾಲ್ಕು ಚೌಕಗಳಲ್ಲಿ ಮೂರು ಸಂಜೆಯೊಳಗೆ ಖರ್ಚಾದವು. ಮಗಳು ಮಾತ್ರ ಎರಡು ಸಲವೂ ಮೊದಲೇ ಹೇಳಿದಳು. ಅವಳ ಮೇಲಿನ ನನ್ನ ಅನುಮಾನವನ್ನು ಅಲ್ಲಿಯೇ ಹಿಂದಕ್ಕೆ ಪಡೆದೆ.

ನಾಲ್ಕೂವರೆಗೆ ಒಳಗಿನವರು ಹೊರಬಂದರು. ನನ್ನ ಹೆಂಡತಿ ಕೊನೆಯ ಗುಂಪಿನಲ್ಲಿದ್ದಳು. ಮಗನನ್ನು ಎತ್ತಿಕೊಂಡು, ಧೋತರದ ಗಂಟನ್ನು ಮುಟ್ಟಿ ನೋಡಿದಳು.

"ಡೈಪರಿಗೆಲ್ಲ ಸೊನೆ ಹಿಡಿದಿತ್ತು, ಅಲ್ದಾ?"

"ಯಾವಾಗ ಗೊತ್ತಾತು?"

"ಆಟೋದಲ್ಲೇ. ಹುಲಗೋಳದಲ್ಲಿ ಅಪ್ಪೆಮರದ ಬುಡದಲ್ಲೇ ಬೆಳೆದವಕ್ಕೆ ಸೊನೆ ವಾಸನೆ ಗೊತ್ತಾಗ್ತಿಲ್ಯಾ? ಮತ್ತೆ ನೀ ಅಷ್ಟು ಗಂಭೀರವಾಗಿ ಹನ್ನೆರಡೂ ಇದ್ದು ಹೇಳಿದ್ರೆ ಯಾರಿಗಾದ್ರೂ ಸಂಶಯ ಬತ್ತು."

"ಗೊತ್ತಿದ್ದೂ ಒಳಗೆ ಹೋದ್ಯಾ?"

ಅವಳು ಮಗನ ಕೈಯನ್ನು ತನ್ನ ಕೊರಳ ಸರದಿಂದ ಬಿಡಿಸಿದಳು.

"ಇಂವ ಅತ್ತಿದ್ದೂ ಕೇಳ್ಚು. ಎದ್ದು ನಿಂತಿದ್ದೆ. ಮೇಲ್ವಿಚಾರಕ ಎಂತ ಬೇಕು ಕೇಳಿದ. ಮತ್ತೊಂದು ಹಾಳೆ ಬೇಕು ಹೇಳಿದೆ."

ಚೀಲದಿಂದ ಪ್ರಶ್ನೆಪತ್ರಿಕೆ ತೆಗೆದು ನನ್ನ ಕೈಗೆ ಕೊಟ್ಟಳು. ಬರೆದು ಮುಗಿಸಿದ ಪ್ರಶ್ನೆಗೆ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕುವುದು ಅವಳ ಕ್ರಮ. ನಾನು ಅಭ್ಯಾಸಬಲದಿಂದ ಮೊದಲಿನಿಂದ ಕೊನೆಯವರೆಗೂ ಬೆರಳಿಟ್ಟು ನೋಡಿದೆ. ಕೊನೆಯ ಪುಟದ ಕೊನೆಯ ಪ್ರಶ್ನೆಗೂ ಗುರುತಿತ್ತು. ಅದೊಂದನ್ನು ಅವಳು ಎರಡು ಸಲ ಒತ್ತಿ ಹಾಕಿದ್ದಳು.